ಮಹಿಳೆ, ಜೀವನ, ಸ್ವಾತಂತ್ರ್ಯ ಆಂದೋಲನ

2022ರ ಸೆಪ್ಟೆಂಬರಿನಲ್ಲಿ ಇರಾನಿನಲ್ಲಿ ಆರಂಭವಾಗಿ, ಕಡ್ಡಾಯ ಶಿರೋವಸ್ತ್ರದ ವಿರೋಧದಿಂದ ಇಸ್ಲಾಮೀ ಗಣರಾಜ್ಯದ ಆಳ್ವಿಕೆಯನ್ನೇ ಪ್ರಶ್ನಿಸುವಷ್ಟು ವಿಸ್ತಾರಗೊಂಡ ಜನಾಂದೋಲನ. ಕುರ್ದಿಸ್ತಾನ ಪ್ರಾಂತ್ಯದ ಸಕ್ಕೆಜ್ ಪಟ್ಟಣದ 22 ವರ್ಷದ ಮಹ್ಸಾ ಅಮೀನಿ, ವಸ್ತ್ರನಿಯಮವನ್ನು ಉಲ್ಲಂಘಿಸಿದ ಆರೋಪದ ಮೇಲೆ ತೆಹರಾನಿನಲ್ಲಿ ನೈತಿಕ ಪೊಲೀಸರಿಂದ ಬಂಧಿತಳಾಗಿ, ಸೆಪ್ಟೆಂಬರ್ 16ರಂದು ಮರಣವನ್ನಪ್ಪಿದುದು ಇದರ ತಕ್ಷಣದ ಕಾರಣ. ಮೂಲವಾದರೋ ಬಹು ಹಿಂದಿನದು: 1936ರಲ್ಲಿ ಅಂದಿನ ದೊರೆ ರೆಜಾ ಷಾ ಬಲಾತ್ಕಾರದಿಂದ ತೆಗೆಯಿಸಿದ ಮುಸುಕನ್ನು 1979ರ ಕ್ರಾಂತಿಯಿಂದುದಿಸಿದ ಪ್ರಭುತ್ವವು ಬಲಾತ್ಕಾರದಿಂದಲೇ ತೊಡಿಸಿತು, ಸ್ತ್ರೀಯರ ಸಮ್ಮತಿಯನ್ನು ಎರಡೂ ಆಳ್ವಿಕೆಗಳು ಕೇಳಲಿಲ್ಲ. 1979ರ ಮಾರ್ಚ್ 8ರಂದು ಸಹಸ್ರಾರು ಮಹಿಳೆಯರು ತೆಹರಾನಿನ ಬೀದಿಗಳಲ್ಲಿ ಇದನ್ನು ಪ್ರತಿಭಟಿಸಿದರು. 2006ರಲ್ಲಿ, ವಿವಾಹ, ವಿಚ್ಛೇದನ, ಉತ್ತರಾಧಿಕಾರಗಳಲ್ಲಿನ ತಾರತಮ್ಯದ ನಿವಾರಣೆಗಾಗಿ ಹತ್ತು ಲಕ್ಷ ಸಹಿಗಳ ಅಭಿಯಾನ ಮೊದಲಾಯಿತು. 2022ರ ಆಂದೋಲನಕ್ಕೆ ಏಕನಾಯಕತ್ವವಿರಲಿಲ್ಲ. ಶಾಲಾಬಾಲಿಕೆಯರೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಕುರ್ದರೂ ಬಲೂಚಿಗಳೂ ಪುರುಷರೂ ಒಂದಾಗಿ ಬೀದಿಗಿಳಿದುದೇ, ಸ್ತ್ರೀಯರ ಹಕ್ಕನ್ನು ಸಮಸ್ತ ಪ್ರಜೆಗಳ ಹಕ್ಕೆಂದು ಭಾವಿಸಿದುದೇ ಅದರ ವೈಶಿಷ್ಟ್ಯ. ಪ್ರಭುತ್ವದ ದಮನ ಕ್ರೂರವಾಗಿತ್ತು: ನೂರಾರು ಮಂದಿ ಹತರಾದರು, ಸಹಸ್ರಾರು ಮಂದಿ ಬಂಧಿತರಾದರು, ಕೆಲವರಿಗೆ ಮರಣದಂಡನೆಯಾಯಿತು. ಶೀರೀನ್ ಎಬಾದಿಯವರ (2003) ತರುವಾಯ ಇರಾನಿಗೆ ಸಂದ ಎರಡನೆಯ ನೊಬೆಲ್ ಶಾಂತಿ ಪುರಸ್ಕಾರವನ್ನು 2023ರಲ್ಲಿ ಪಡೆದ ಮಾನವಹಕ್ಕುಗಳ ಹೋರಾಟಗಾರ್ತಿ ನರ್ಗೆಸ್ ಮೊಹಮ್ಮದಿಯವರು ಆಗ ಎವಿನ್ ಕಾರಾಗೃಹದಲ್ಲಿದ್ದರು.