ನಾಗರಹೊಳೆಯಲ್ಲಿ ವನ್ಯಜೀವಿ ಛಾಯಾಗ್ರಹಣ

ನಾಗರಹೊಳೆ ರಾಷ್ಟ್ರೀಯ ಉದ್ಯಾನವು ಕರ್ನಾಟಕದ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿರುವ ಸಂರಕ್ಷಿತ ಅರಣ್ಯ. ಇಲ್ಲಿನ ಆನೆ, ಹುಲಿ, ಚಿರತೆ, ಕಾಟಿ, ಕಾಡುನಾಯಿ, ಜಿಂಕೆ ಹಾಗೂ ಪಕ್ಷಿಗಳನ್ನು ಅವುಗಳ ಸಹಜ ನೆಲೆಯಲ್ಲಿ ಚಿತ್ರೀಕರಿಸಲು ಛಾಯಾಗ್ರಾಹಕರು ಬರುತ್ತಾರೆ. ಇಲ್ಲಿ ತೆಗೆದ ಛಾಯಾಚಿತ್ರಗಳು ಕಲೆಯಾಗಿ ಮಾತ್ರವಲ್ಲದೆ ವೈಜ್ಞಾನಿಕ ಅಧ್ಯಯನದ ಸಾಧನವಾಗಿಯೂ ಬಳಕೆಯಾಗಿವೆ.

ಹಿನ್ನೆಲೆ

ಭಾರತದಲ್ಲಿ ಹುಲಿಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ ಮೊದಲಿಗರಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಪ್ರಮುಖರು. 1920ರ ದಶಕದಲ್ಲಿ ಅವರು ಪ್ರಾಣಿಯೇ ತಂತಿಯನ್ನು ತುಳಿದು ತನ್ನ ಚಿತ್ರವನ್ನು ತೆಗೆದುಕೊಳ್ಳುವ ವಿಧಾನವನ್ನು ಬಳಸಿದರು. ಕರ್ನಾಟಕದಲ್ಲಿ ಎಂ. ವೈ. ಘೋರ್ಪಡೆ, ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್ ಅವರು ಫಿಲ್ಮ್ ಯುಗದಲ್ಲಿ ಈ ಕಲೆಗೆ ಹೆಸರು ತಂದುಕೊಟ್ಟರು. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಕಾಡುನಾಯಿಗಳ ದೀರ್ಘಕಾಲದ ಚಿತ್ರೀಕರಣಕ್ಕೆ ಹೆಸರಾಗಿದೆ.

ಸ್ಥಳ ಮತ್ತು ಋತು

ಉದ್ಯಾನದ ದಕ್ಷಿಣದಲ್ಲಿ ಕಬಿನಿ ಜಲಾಶಯವಿದ್ದು, ಅದರಾಚೆ ಬಂಡೀಪುರದ ಕಾಡಿದೆ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಂತೆ ತೆರೆದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಕೆರೆಗಳು ಬತ್ತುವ ಆ ದಿನಗಳಲ್ಲಿ ಆನೆಗಳು ಹಿಂಡುಹಿಂಡಾಗಿ ಹಿನ್ನೀರಿನ ದಡಕ್ಕೆ ಬರುತ್ತವೆ. ಎಲೆಯುದುರಿದ ಮರಗಳ ನಡುವೆ ದೂರದವರೆಗೆ ನೋಟ ಸಿಗುತ್ತದೆ. ಮಳೆಗಾಲದಲ್ಲಿ ಪೊದೆಗಳು ದಟ್ಟವಾಗುವುದರಿಂದ ಪ್ರಾಣಿಗಳು ಕಾಣುವುದು ವಿರಳ. ಆದರೆ ಹಸಿರು ಹಿನ್ನೆಲೆಯೂ ಮೃದುವಾದ ಬೆಳಕೂ ದೊರೆಯುತ್ತವೆ.

ವಿಧಾನ

ಬೆಳಗಿನ ಮತ್ತು ಸಂಜೆಯ ಓರೆ ಬೆಳಕು ಚಿತ್ರೀಕರಣಕ್ಕೆ ಹೆಚ್ಚು ಸೂಕ್ತ. ಮರಗಳ ನೆರಳಿನಲ್ಲಿ ಬೆಳಕು ಕಡಿಮೆಯಿರುವುದರಿಂದ ದೊಡ್ಡ ದ್ಯುತಿರಂಧ್ರದ ಟೆಲಿಫೋಟೋ ಮಸೂರವೂ ಹೆಚ್ಚಿನ ಐಎಸ್‌ಒ ಮಟ್ಟವೂ ಬೇಕಾಗುತ್ತವೆ. ವಾಹನದಲ್ಲಿ ಮುಕ್ಕಾಲಿ ನಿಲ್ಲಿಸಲು ಸ್ಥಳವಿಲ್ಲದಿದ್ದಾಗ ಕಾಳು ತುಂಬಿದ ಚೀಲದ ಮೇಲೆ ಮಸೂರವನ್ನಿಡುವುದು ರೂಢಿ. ಜಿಂಕೆ ಮತ್ತು ಮುಸುವಗಳ ಎಚ್ಚರಿಕೆಯ ಕೂಗು ಹುಲಿ ಅಥವಾ ಚಿರತೆಯ ಇರುವನ್ನು ಸೂಚಿಸುತ್ತದೆ. ಆದ್ದರಿಂದ ಎಂಜಿನ್ ನಿಲ್ಲಿಸಿ ಕಿವಿಗೊಡುವುದು ಉಪಕರಣದಷ್ಟೇ ಮುಖ್ಯವಾಗುತ್ತದೆ.

ವೈಜ್ಞಾನಿಕ ಬಳಕೆ

ಒಂದು ಹುಲಿಯ ಪಟ್ಟೆಗಳ ವಿನ್ಯಾಸ ಮತ್ತೊಂದರಲ್ಲಿ ಇರುವುದಿಲ್ಲ. ಈ ಗುಣವನ್ನು ಆಧರಿಸಿ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ರೂಪಿಸಿದರು. ಎಡ ಮತ್ತು ಬಲ ಪಾರ್ಶ್ವದ ಪಟ್ಟೆಗಳು ಬೇರೆಬೇರೆಯಾಗಿರುವುದರಿಂದ ಹಾದಿಯ ಎರಡೂ ಬದಿಗಳಲ್ಲಿ ಕ್ಯಾಮೆರಾ ಇಡಲಾಗುತ್ತದೆ. ಒಮ್ಮೆ ಚಿತ್ರಿತವಾದ ಹುಲಿಗಳಲ್ಲಿ ಎಷ್ಟು ಮತ್ತೆ ಚಿತ್ರಿತವಾಗುತ್ತವೆ ಎಂಬುದರಿಂದ ಒಟ್ಟು ಸಂಖ್ಯೆಯನ್ನು ಲೆಕ್ಕಹಾಕಲಾಗುತ್ತದೆ. ಹೆಜ್ಜೆಗುರುತಿನ ಎಣಿಕೆಗಿಂತ ಇದು ಹೆಚ್ಚು ವಿಶ್ವಾಸಾರ್ಹವಾದುದರಿಂದ ಮುಂದೆ ರಾಷ್ಟ್ರೀಯ ಹುಲಿ ಗಣತಿಯಲ್ಲಿಯೂ ಸ್ವಯಂಚಾಲಿತ ಕ್ಯಾಮೆರಾಗಳು ಸ್ಥಾನ ಪಡೆದವು.

ನಿಯಮ ಮತ್ತು ನೀತಿ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಸಂರಕ್ಷಿತ ಪ್ರದೇಶವನ್ನು ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ಅನುಮತಿ ಅಗತ್ಯ. ಪ್ರಾಣಿಗಳನ್ನು ಕೆಣಕುವುದು ಕಾಯ್ದೆಯಂತೆ ನಿಷಿದ್ಧ. ಸಫಾರಿಯ ವೇಳೆ ವಾಹನದಿಂದ ಇಳಿಯುವಂತಿಲ್ಲ.

ಡಿಜಿಟಲ್ ಕ್ಯಾಮೆರಾಗಳು ಸುಲಭವಾಗಿ ದೊರೆಯತೊಡಗಿದ ಮೇಲೆ ಹುಲಿ ಕಂಡೆಡೆ ವಾಹನಗಳು ಮುತ್ತುವುದು ಆಕ್ಷೇಪಕ್ಕೆ ಗುರಿಯಾಗಿದೆ. ದಾರಿ ತಡೆದರೆ ಪ್ರಾಣಿಯು ಬೇಟೆಯನ್ನು ಕೈಬಿಡಬಹುದು. ತಾಯಿ ಮತ್ತು ಮರಿಗಳು ಬೇರ್ಪಡಬಹುದು. ಕಿವಿಯರಳಿಸಿ ನಿಂತ ಅಥವಾ ನುಗ್ಗಿಬರುವ ಆನೆಯ ಚಿತ್ರವು ನೋಡುಗರನ್ನು ಸೆಳೆದರೂ, ಬಹುಪಾಲು ಅದು ಆನೆಗೆ ತೊಂದರೆಯಾಗಿರುವುದರ ಸೂಚನೆ. ಗೂಡಿನಲ್ಲಿರುವ ಹಕ್ಕಿಗಳ ಸಮೀಪ ಹೋಗುವುದರಿಂದ ಅವು ಮೊಟ್ಟೆ ಮರಿಗಳನ್ನು ತೊರೆಯುವ ಅಪಾಯವಿದೆ. ಈ ಕಾರಣಗಳಿಂದ ಚಿತ್ರಕ್ಕಿಂತ ಪ್ರಾಣಿಯ ನೆಮ್ಮದಿ ಮುಖ್ಯವೆಂಬುದು ವನ್ಯಜೀವಿ ಛಾಯಾಗ್ರಹಣದ ಮೂಲತತ್ತ್ವವೆನಿಸಿದೆ.