ಕಷಾಯ, ಕಾಢಾ, ಆರೈಕೆ: ಕೃಷ್ಣಾ ತೀರದ ಐದು ತಾಲ್ಲೂಕುಗಳಲ್ಲಿ ಉಸಿರಾಟದ ಕಾಯಿಲೆಗಳ ಮನೆಮದ್ದಿನ ಚರಿತ್ರೆ

ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ನೆಗಡಿ, ಕೆಮ್ಮು, ದಮ್ಮು ಕಾಣಿಸಿಕೊಂಡರೆ ಮೊದಲ ಚಿಕಿತ್ಸೆ ಮನೆಯಲ್ಲೇ ಆಗುತ್ತದೆ. ‘ಹಿರಿಯರಿಂದ ನಡೆದು ಬಂದದ್ದು’ ಎಂಬ ಒಂದೇ ಮಾತಿನಲ್ಲಿ ಈ ಪದ್ಧತಿಯ ಚರಿತ್ರೆ ಮುಗಿದುಹೋಗುವುದುಂಟು. ಆದರೆ ಮನೆಮದ್ದು ಕಾಲಾತೀತವಾದುದಲ್ಲ. ನೆಲದ ಬೆಳೆ, ಮನೆಯ ಧರ್ಮ, ಊರಿನ ಕಸುಬು, ಬಂದುಹೋದ ಸಾಂಕ್ರಾಮಿಕಗಳು ಅದನ್ನು ಮತ್ತೆ ಮತ್ತೆ ತಿದ್ದಿವೆ. ಈ ತಿದ್ದುಪಡಿಗಳನ್ನು ಗುರುತಿಸಿ, ಅವುಗಳ ನಡುವೆ ಉಳಿದುಬಂದ ಗಟ್ಟಿ ಅಂಶ ಯಾವುದೆಂದು ತಿಳಿಯುವುದು ಈ ಲೇಖನದ ಉದ್ದೇಶ. ಗಿಡಮೂಲಿಕೆಗಿಂತ ಆರೈಕೆಯೇ ಈ ಪರಂಪರೆಯ ತಿರುಳು ಎಂಬುದು ಇಲ್ಲಿನ ವಾದ.

ಗ್ರಂಥಗಳ ಹಿನ್ನೆಲೆ

ಚರಕಸಂಹಿತೆ ಕಾಸವನ್ನೂ (ಕೆಮ್ಮು) ಶ್ವಾಸವನ್ನೂ (ದಮ್ಮು) ಐದೈದು ಬಗೆಯಾಗಿ ವಿಂಗಡಿಸುತ್ತದೆ. ಆಡುಸೋಗೆ, ಹಿಪ್ಪಲಿ, ಶುಂಠಿ, ನೆಲಗುಳ್ಳಗಳು ಆ ಕಾಲದಿಂದಲೂ ಎದೆಯ ಕಾಯಿಲೆಗಳ ಮದ್ದುಗಳು. ಕನ್ನಡ ನೆಲದಲ್ಲಿ ಈ ಶಾಸ್ತ್ರಕ್ಕೆ ಬೇರೊಂದು ರೂಪ ಕೊಟ್ಟವರು ಜೈನ ವೈದ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಜೇನುತುಪ್ಪಗಳನ್ನು ಬಿಟ್ಟು ಚಿಕಿತ್ಸೆ ಹೇಳುತ್ತದೆ. ಮಾಂಸಾಹಾರ ಔಷಧವಾಗಲಾರದು ಎಂಬ ವಾದ ಅದರ ಕೊನೆಯ ಭಾಗದಲ್ಲಿದೆ. ಈ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಹೊರಬಂತು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ದ ಮೂಲಕ ಜೈನಾಚಾರ್ಯ ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದ. ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ರೋಗ ಮತ್ತು ಚಿಕಿತ್ಸೆಯ ಪರಿಭಾಷೆಯನ್ನು ವಚನಕ್ಕೆ ತಂದ.

ಜೈನ ಮುನಿಗಳಾದ ಆಚಾರ್ಯ ಶಾಂತಿಸಾಗರರ ಭೋಜ, ವಿದ್ಯಾನಂದರ ಶೇಡಬಾಳ, ವಿದ್ಯಾಸಾಗರರ ಸದಲಗಾ ಇರುವುದು ಇದೇ ತಾಲ್ಲೂಕುಗಳಲ್ಲಿ. ಇಲ್ಲಿನ ಜೈನ ರೈತ ಕುಟುಂಬಗಳಲ್ಲಿ ವ್ರತ ಹಿಡಿದವರು ಜೇನು ಮುಟ್ಟುವುದಿಲ್ಲ. ಹಸಿಶುಂಠಿ ಗಡ್ಡೆಯಾದ್ದರಿಂದ ಅದನ್ನೂ ಬಿಡುತ್ತಾರೆ. ಒಣಶುಂಠಿ ಮತ್ತು ಒಣ ಅರಿಶಿಣಕ್ಕೆ ಅಡ್ಡಿಯಿಲ್ಲ. ಆಯುರ್ವೇದದ ಕೆಮ್ಮಿನ ಚೂರ್ಣಗಳನ್ನು ಸಾಮಾನ್ಯವಾಗಿ ಜೇನಿನಲ್ಲಿ ಕಲಸಿ ನೆಕ್ಕಿಸಿದರೆ, ಈ ಮನೆಗಳಲ್ಲಿ ಆ ಜಾಗಕ್ಕೆ ಬೆಲ್ಲವೋ ಕಲ್ಲುಸಕ್ಕರೆಯೋ ಬರುತ್ತದೆ. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದ ನೇಮವಿದ್ದವರಿಗೆ ರಾತ್ರಿಯ ಕೆಮ್ಮಿಗೆ ಹೊರಗಿನ ಉಪಚಾರವೇ ಗತಿ: ಎದೆ ಕಾಸುವುದು, ಎಣ್ಣೆ ತಿಕ್ಕುವುದು, ಬೆಚ್ಚಗೆ ಹೊದಿಸುವುದು.

ಬಿಜಾಪುರದ ಆದಿಲಶಾಹಿ ಆಳ್ವಿಕೆಯಲ್ಲಿ ಯುನಾನಿ ವೈದ್ಯದ ಇನ್ನೊಂದು ಧಾರೆ ಸೇರಿತು. ಆ ಆಸ್ಥಾನದ ಇತಿಹಾಸಕಾರ ಫರಿಷ್ತಾ ಭಾರತೀಯ ವೈದ್ಯವನ್ನು ಪರ್ಶಿಯನ್ ಓದುಗರಿಗಾಗಿ ಸಂಗ್ರಹಿಸಿ ವೈದ್ಯಗ್ರಂಥವೊಂದನ್ನು ಬರೆದ. ಯುನಾನಿಯ ಕಷಾಯವಾದ ಜೋಶಾಂದಾದಲ್ಲಿ ಬನಫ್ಶಾ, ಉನ್ನಾಬ್‌ಗಳ ಜೊತೆ ಅತಿಮಧುರವೂ ಬೇಯುತ್ತದೆ. ಆಯುರ್ವೇದದ ಕಷಾಯದಲ್ಲೂ ಅದೇ ಬೇರು ಇದೆ. ಎರಡು ಪದ್ಧತಿಗಳು ಸಂಧಿಸಿದ್ದು ಇಂಥ ಕಡೆ.

ಹೊಲದಿಂದ ಒಲೆಗೆ

ಗ್ರಂಥ ಓದದ ಮನೆಗೆ ಮದ್ದು ಬಂದದ್ದು ಹೊಲದಿಂದ, ಹಿತ್ತಲಿನಿಂದ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಕಪ್ಪು ಮಣ್ಣು ಇಲ್ಲಿ ಕಬ್ಬು ಮತ್ತು ಅರಿಶಿಣಕ್ಕೆ ಒದಗಿವೆ. ಅರಿಶಿಣಕ್ಕೆ ಸಾಂಗಲಿ ಪೇಟೆ ಹತ್ತಿರ. ಅಲ್ಲಿನ ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಲ್ಲಿ ಅರಿಶಿಣ ತುಂಬಿಡುವ ಪದ್ಧತಿ ಪ್ರಸಿದ್ಧವಾಗಿತ್ತು. ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದ ಮೇಲೂ ಆಲೆಮನೆಯ ಬೆಲ್ಲ ಅಡುಗೆಮನೆಯನ್ನು ಬಿಟ್ಟುಹೋಗಲಿಲ್ಲ. ಕಷಾಯದಲ್ಲಿ ಜೇನಿನ ಬದಲು ಬೆಲ್ಲ ಬರಲು ಜೈನ ಆಚಾರವೊಂದೇ ಕಾರಣ ಎನ್ನಲಾಗದು. ಬೆಲ್ಲ ಎಲ್ಲರ ಮನೆಯಲ್ಲೂ ಇತ್ತು, ಜೇನನ್ನು ಕೊಂಡುತರಬೇಕಿತ್ತು. ಆಚಾರವೂ ಬೆಳೆಯೂ ಒಂದೇ ದಿಕ್ಕಿಗೆ ಎಳೆದಾಗ ರೂಢಿ ಬೇರೂರುತ್ತದೆ.

ಇಂದಿಗೂ ಬಳಕೆಯಲ್ಲಿರುವ ಉಪಚಾರಗಳಲ್ಲಿ ಮೂರು ಬಗೆ ಕಾಣುತ್ತವೆ. ಮೊದಲನೆಯದು ಕುಡಿಯುವುದು: ತುಳಸಿ, ಮೆಣಸು, ಅಲ್ಲ, ಬೆಲ್ಲ ಕುದಿಸಿದ ಕಷಾಯ, ಅರಿಶಿಣ ಹಾಲು, ಹಿತ್ತಲ ಹುಲ್ಲಿನ ಗವತಿ ಚಹಾ, ಬಾಡಿಸಿ ಹಿಂಡಿದ ಆಡುಸೋಗೆ ಅಥವಾ ದೊಡ್ಡಪತ್ರೆಯ ರಸ. ಎರಡನೆಯದು ಕಾಸುವುದು: ಅಜಿವಾನವನ್ನು ಬಟ್ಟೆಯಲ್ಲಿ ಕಟ್ಟಿ ಹಂಚಿನ ಮೇಲೆ ಬಿಸಿ ಮಾಡಿ ಎದೆಗೆ ಒತ್ತುವುದು, ಕೂಸಿನ ಎದೆಗೆ ಔಡಲೆಣ್ಣೆ ಸವರಿ ಬೆಚ್ಚಗಿನ ವೀಳ್ಯದೆಲೆ ಇಡುವುದು. ಮೂರನೆಯದು ಪಥ್ಯ: ಬಿಸಿ ಅಂಬಲಿ, ಗಂಜಿ, ಹುರಳಿ ಕಟ್ಟು. ಗಡಿಯ ಆಚೆ ಈಚೆ ಇದನ್ನೇ ಒಬ್ಬರು ಕಷಾಯ ಎನ್ನುತ್ತಾರೆ, ಇನ್ನೊಬ್ಬರು ಕಾಢಾ ಎನ್ನುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆ ಆಡಳಿತವನ್ನು ಬೇರ್ಪಡಿಸಿತು, ಒಲೆಯ ಮೇಲಿನ ಪಾತ್ರೆಯನ್ನಲ್ಲ.

ಮದ್ದಾಗಿ ಬಂದು ರೋಗವಾದ ಎಲೆ

ಈ ಪ್ರದೇಶದ ಉಸಿರಾಟದ ಚರಿತ್ರೆ ತಂಬಾಕನ್ನು ಬಿಟ್ಟು ಪೂರ್ತಿಯಾಗದು. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕನ್ನು ಕಂಡು, 17ನೇ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಮೊಘಲ್ ಆಸ್ಥಾನಕ್ಕೆ ಒಯ್ದ. ಅಲ್ಲಿ ಅದನ್ನು ಪರಿಚಯಿಸಿದ್ದು ಔಷಧವೆಂದೇ. ಬಾದಶಹನ ವೈದ್ಯರು ಅದರ ಸೇವನೆಗೆ ಆಕ್ಷೇಪಿಸಿದರು. ಆ ಆಕ್ಷೇಪ ಎಷ್ಟು ಸರಿ ಎಂಬುದಕ್ಕೆ ಮುಂದೆ ನಿಪ್ಪಾಣಿಯೇ ಸಾಕ್ಷಿಯಾಯಿತು. ನಿಪ್ಪಾಣಿ ತಂಬಾಕಿನ ಪೇಟೆಯಾಗಿ ಬೆಳೆದಂತೆ ಸಾವಿರಾರು ಹೆಣ್ಣುಮಕ್ಕಳು ಅಲ್ಲಿನ ವಖಾರಿಗಳಲ್ಲಿ ಎಲೆ ಕುಟ್ಟುವ, ಜರಡಿ ಹಿಡಿಯುವ ಕೆಲಸಕ್ಕೆ ಸೇರಿದರು. ಬೀಡಿ ಕಟ್ಟುವವರು ಆ ಪುಡಿಯನ್ನು ಮನೆಯೊಳಗೇ ತಂದರು. 1980ರ ಹೊತ್ತಿಗೆ ಈ ಹೆಣ್ಣುಮಕ್ಕಳು ಸಂಘಟಿತರಾದರು. ಯುಗಾಂತರ ಎಂಬ ಚಿತ್ರತಂಡವು ಅವರೊಂದಿಗೆ ಸೇರಿ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ದಿನವಿಡೀ ತಂಬಾಕಿನ ಧೂಳು ಕುಡಿದು ಬಂದವರ ಕೆಮ್ಮಿಗೆ ತುಳಸಿ ಕಷಾಯ ಗಂಟಲ ಕೆರೆತವನ್ನು ತುಸು ತಗ್ಗಿಸೀತು, ಕಾರಣವನ್ನು ತೆಗೆಯದು. ಅದಕ್ಕೆ ಬೇಕಾದದ್ದು ಗಾಳಿ ಬೆಳಕಿರುವ ಕೆಲಸದ ಜಾಗ, ಸರಿಯಾದ ಕೂಲಿ, ವೈದ್ಯಕೀಯ ತಪಾಸಣೆ.

ಮನೆಯೊಳಗಿನ ಹೊಗೆಯದೂ ಇದೇ ಕತೆ. ಬಾಣಂತಿ ಕೋಣೆಯಲ್ಲಿ ಕೂಸಿಗೆ ಹಾಕುವ ಲೋಬಾನದ ಹೊಗೆ, ಕಬ್ಬಿನ ರವದಿ ಉರಿಸಿದ ಒಲೆಯ ಹೊಗೆ ಎಳೆಯ ಪುಪ್ಪುಸಗಳಿಗೆ ಹಾನಿಕರ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಒಲೆ, 2016ರ ನಂತರ ಉಜ್ವಲಾ ಯೋಜನೆಯ ಗ್ಯಾಸ್ ಸಂಪರ್ಕ ಬಂದಾಗ ಹೊಗೆ ತಗ್ಗಿದ ಅಡುಗೆಮನೆಯೇ ದೊಡ್ಡ ಮದ್ದಾಯಿತು.

1918: ಆರೈಕೆಯ ಬೆಲೆ

1918ರ ಜೂನ್‌ನಲ್ಲಿ ಮುಂಬೈಗೆ ಬಂದ ಇನ್‌ಫ್ಲುಯೆಂಜಾ ಸೆಪ್ಟೆಂಬರ್ ಹೊತ್ತಿಗೆ ಭೀಕರವಾಗಿ ಮರುಕಳಿಸಿತು; ಅಕ್ಟೋಬರ್ ಅತಿ ಘೋರ ತಿಂಗಳು. ಆಗ ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತ್ಯದಲ್ಲಿದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ರೋಗ ದೇಶದೊಳಗೆ ಹರಡಿದ್ದು ಹೆಚ್ಚಾಗಿ ರೈಲು ಹಾದಿಗಳಲ್ಲಿ. ಪುಣೆ–ಮಿರಜ–ಬೆಳಗಾವಿ ಮಾರ್ಗದ ಶೇಡಬಾಳ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಈ ಸೀಮೆಯನ್ನು ಮುಂಬೈಗೆ ಬೆಸೆದಿದ್ದವು. ಅದೇ ವರ್ಷ ಮಳೆ ಕೈಕೊಟ್ಟು ಧಾನ್ಯ ತುಟ್ಟಿಯಾಗಿತ್ತು. ಪ್ರಾಂತ್ಯವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ದೇಶದ ಅಂಕಿಅಂಶಗಳಲ್ಲಿ ಗಂಡಸರಿಗಿಂತ ಹೆಂಗಸರ ಸಾವು ಹೆಚ್ಚು. ರೋಗಿಗಳ ಪಕ್ಕ ಕುಳಿತು ನೀರು ಕುಡಿಸಿ, ಕಫ ಒರೆಸಿ, ತಾವೂ ಜ್ವರದಲ್ಲೇ ಒಲೆ ಹಚ್ಚಿದವರು ಅವರು. ಇದೇ ಅವರ ಸಾವಿಗೆ ಒಂದು ಕಾರಣವೆಂದು ಅಧ್ಯಯನಕಾರರು ಗುರುತಿಸಿದ್ದಾರೆ. ಮನೆಮದ್ದಿನ ಚರಿತ್ರೆಯಲ್ಲಿ ಸಸ್ಯಗಳಿಗೆ ಹೆಸರಿದೆ, ಆ ಕೈಗಳಿಗಿಲ್ಲ. ಪ್ರತಿಜೀವಕಗಳಿಲ್ಲದ ಆ ಕಾಲದಲ್ಲಿ ಬದುಕುಳಿಯುವ ಸಾಧ್ಯತೆಯನ್ನು ಹೆಚ್ಚಿಸಬಲ್ಲದ್ದು ನೀರು, ಗಂಜಿ, ಹೊದಿಕೆ, ವಿಶ್ರಾಂತಿ ಮಾತ್ರ. ಅವನ್ನು ಒದಗಿಸಿದವರು ಮನೆಯ ಹೆಂಗಸರು.

ಪರೀಕ್ಷೆಗೊಳಗಾದ ಮದ್ದು

ಮನೆಮದ್ದನ್ನು ಪ್ರಯೋಗಾಲಯಕ್ಕೆ ಒಯ್ಯುವ ಕೆಲಸ 19ನೇ ಶತಮಾನದಲ್ಲೇ ಶುರುವಾಗಿತ್ತು. ಪಶ್ಚಿಮ ಭಾರತದ ಮೂಲಿಕೆಗಳನ್ನು ಡೈಮಾಕ್ ದಾಖಲಿಸಿದ. 1888ರಲ್ಲಿ ಹೂಪರ್ ಆಡುಸೋಗೆಯಿಂದ ವ್ಯಾಸಿಸಿನ್ ಬೇರ್ಪಡಿಸಿದ. ಅದರ ಎಳೆ ಹಿಡಿದು ರೂಪಿಸಿದ ಬ್ರೋಮ್‌ಹೆಕ್ಸಿನ್ 1960ರ ದಶಕದಲ್ಲಿ ಬಳಕೆಗೆ ಬಂತು. ಇಂದಿನ ಅನೇಕ ಕೆಮ್ಮಿನ ಸಿರಪ್‌ಗಳಲ್ಲಿ ಅದಿದೆ. ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಪ್ರಚೋದಿಸುವುದರಿಂದ ಬಸುರಿಯರಿಗೆ ಆಡುಸೋಗೆ ರಸ ಕೊಡಬಾರದು. ಅರಿಶಿಣದ ಕರ್ಕ್ಯುಮಿನ್ ಮೆಣಸಿನ ಪಿಪೆರಿನ್ ಜೊತೆಗಿದ್ದರೆ ರಕ್ತಕ್ಕೆ ಹೆಚ್ಚು ಸೇರುತ್ತದೆ ಎಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ತೋರಿಸಿದರು. ರಕ್ತಕ್ಕೆ ಸೇರಿತೆಂದ ಮಾತ್ರಕ್ಕೆ ನ್ಯುಮೋನಿಯಾ ಗುಣವಾಯಿತೆಂದಲ್ಲ.

2020ರ ಮಾರ್ಚ್ 31ರಂದು ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಒಣಶುಂಠಿ, ಮೆಣಸಿನ ಕಷಾಯವನ್ನೂ ಅರಿಶಿಣ ಹಾಲನ್ನೂ ಸೂಚಿಸಿದಾಗ ಮನೆಯ ಪದ್ಧತಿಗೆ ಸರ್ಕಾರದ ಮುದ್ರೆ ಬಿತ್ತು. ಜೊತೆಗೆ ಅತಿರೇಕವೂ ಬಂತು: ದಿನಕ್ಕೆ ಹಲವು ಬಾರಿ ಹಬೆ ತೆಗೆದುಕೊಂಡು ಮುಖ ಸುಟ್ಟುಕೊಂಡವರು, ಖಾರದ ಕಷಾಯದಿಂದ ಹೊಟ್ಟೆಯುರಿ ತಂದುಕೊಂಡವರು ದೇಶದೆಲ್ಲೆಡೆ ಕಂಡುಬಂದರು.

ಕೆಮ್ಮಿಗೆ ನಿರಪಾಯಕಾರಿ ಮನೆಮದ್ದು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2001ರಲ್ಲಿ ಹೇಳಿದೆ. ಆದರೆ ವರ್ಷ ತುಂಬದ ಕೂಸಿಗೆ ಜೇನು ಬೇಡ. ಎದೆ ಗುಳಿಬಿದ್ದ ಮಗುವಿಗೆ ಬರೆ ಹಾಕಿಸುವ ಕ್ರೂರ ರೂಢಿ ಉತ್ತರ ಕರ್ನಾಟಕದ ಕೆಲವೆಡೆ ಇನ್ನೂ ಅಳಿದಿಲ್ಲ. ಅದು ಮದ್ದಲ್ಲ, ಗಾಯ. ನಿಮಿಷಕ್ಕೆ ಉಸಿರಾಟ ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ, ಪಕ್ಕೆ ಒಳಸೆಳೆದರೆ, ಮಗು ಮೊಲೆ ಕುಡಿಯದಿದ್ದರೆ ಒಲೆಯ ಕೆಲಸ ಅಲ್ಲಿಗೆ ಮುಗಿಯಿತು, ಆಸ್ಪತ್ರೆಗೆ ಹೊರಡಬೇಕು. ಈ ಸೀಮೆಯ ಜನ ಹಾಗೆ ಹೊರಡುವುದನ್ನು ಕಲಿತು ಬಹಳ ಕಾಲವಾಗಿದೆ. 1890ರ ದಶಕದಲ್ಲಿ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಗಡಿಯ ಕನ್ನಡಿಗರಿಗೂ ಮಿರಜ ಭರವಸೆಯ ಊರು.

ಸಮಾರೋಪ

ಮೇಲಿನ ಚರಿತ್ರೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಇಲ್ಲಿನ ಮನೆಮದ್ದು ಜೈನ ಆಚಾರ, ಆದಿಲಶಾಹಿ ಸಂಪರ್ಕ, ಕಬ್ಬು–ಅರಿಶಿಣದ ಕೃಷಿ, ತಂಬಾಕಿನ ದುಡಿಮೆಗಳ ನಡುವೆ ಬದಲಾಗುತ್ತ ಬೆಳೆದದ್ದು. ಆದ್ದರಿಂದ ಹೊಸ ಅರಿವಿಗೆ ತಕ್ಕಂತೆ ಇನ್ನೂ ಬದಲಾಗಲು ಅದಕ್ಕೆ ಹಕ್ಕಿದೆ, ಶಕ್ತಿಯೂ ಇದೆ. ಎರಡನೆಯದು, ಮದ್ದು ಬದಲಾದರೂ ಬದಲಾಗದೆ ಉಳಿದದ್ದು ರೋಗಿಯ ಬಳಿ ಕುಳಿತು ನೋಡಿಕೊಳ್ಳುವ ಕೆಲಸ. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಿದೆ. ಇಂಥ ಸಂಸ್ಥೆಗಳ ದಾಖಲೆಯಲ್ಲಿ ಗಿಡದ ಹೆಸರು, ಎಲೆಯ ಪ್ರಮಾಣಗಳ ಜೊತೆ ಅಜ್ಜಿಯರು ಯಾವ ಲಕ್ಷಣ ಕಂಡಾಗ ಕಷಾಯ ನಿಲ್ಲಿಸಿ ಗಾಡಿ ಕಟ್ಟಿಸುತ್ತಿದ್ದರು ಎಂಬ ತಿಳಿವಳಿಕೆಯೂ ಸೇರಬೇಕು. ಆ ವಿವೇಚನೆಗೆ ಉಸಿರು ಎಣಿಸುವ ಆಶಾ ಕಾರ್ಯಕರ್ತೆಯ ಗಡಿಯಾರ ಜೊತೆಗೂಡಿದರೆ ಈ ಪರಂಪರೆ ಮಕ್ಕಳ ಜೀವ ಉಳಿಸುವ ಕೆಲಸಕ್ಕೆ ಒದಗುತ್ತದೆ.