ಅಲೆಗೆ ತಕ್ಕ ಕಡ್ಡಿ

ಆಂಟೆನಾ ಎಂಬ ಮಾತು ಹುಟ್ಟಿನಿಂದ ರೇಡಿಯೋದ್ದಲ್ಲ, ಹಡಗಿನದು. ಲ್ಯಾಟಿನ್ ಭಾಷೆಯಲ್ಲಿ ಅದು ಹಾಯಿಯನ್ನು ಕಟ್ಟುವ ಅಡ್ಡಮರದ ಹೆಸರು. ಮುಂದೆ ಕೀಟಗಳ ತಲೆಯ ಮೇಲಿನ ಮೀಸೆಗೂ ಅದೇ ಹೆಸರಾಯಿತು. ಕಡೆಗೆ ಆಕಾಶದ ಅಲೆಗಳನ್ನು ಹಿಡಿಯುವ ತಂತಿಗೆ ಬಂದು ನಿಂತಿತು. ನಮ್ಮ ಹಿರಿಯರು ಏರಿಯಲ್ ಎಂದು ಕರೆದು, ನಡುಮನೆಯ ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿಯಾಗಿ ಎಳೆದು ಕಟ್ಟಿದ್ದೂ ಇದನ್ನೇ.

ಕನ್ನಡ ಪಾಠ ಹೇಳುವ ನನಗೆ ಈ ವಿಷಯದ ಗೊಡವೆ ಹತ್ತಿದ್ದು ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿಂದ. ಒಂದಾದ ಮೇಲೊಂದು ತರಂಗವನ್ನು ತಾನಾಗಿಯೇ ತಡಕಿ ನೋಡುವ, ಸ್ಕ್ಯಾನರ್ ಎಂಬ ಕೈರೇಡಿಯೋವನ್ನು ತೋರಿಸಿ, “ಇದಕ್ಕೆ ಎಂಥ ಆಂಟೆನಾ ಹಾಕಲಿ, ಸಾರ್? ಉದ್ದವಾದಷ್ಟೂ ಒಳ್ಳೆಯದಲ್ಲವೆ?” ಎಂದು ಅವನು ಕೇಳಿದ. ಕೇಳಿದ್ದು ನನ್ನನ್ನಲ್ಲ, ಪಕ್ಕದಲ್ಲಿದ್ದ ಭೌತಶಾಸ್ತ್ರದ ಮಿತ್ರರನ್ನು. ಉತ್ತರ ಹುಡುಕಿಕೊಂಡು ಹೋದವನು ಮಾತ್ರ ನಾನು.

ಉದ್ದವಾದಷ್ಟೂ ಒಳ್ಳೆಯದು ಎಂಬ ಈ ನಂಬಿಕೆಗೆ ಒಂದು ಇತಿಹಾಸವಿದೆ. ಆದರೆ ಇತಿಹಾಸದ ಮೊದಲ ಪುಟವೇ ಅದನ್ನು ಅಲ್ಲಗಳೆಯುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ೧೮೮೬ರಿಂದ ೧೮೮೮ರವರೆಗೆ ಹೈನ್‌ರಿಕ್ ಹರ್ಟ್ಸ್ ಪ್ರಯೋಗ ನಡೆಸಿದಾಗ, ಅಲೆಯನ್ನು ಹಿಡಿಯಲು ಅವನ ಬಳಿ ಇದ್ದುದು ಕೂದಲೆಳೆಯಷ್ಟು ಬಾಯಿ ಬಿಟ್ಟ ತಂತಿಯ ಬಳೆಯೊಂದೇ. ಬಳೆಯ ಅಳತೆ ಅಲೆಯ ಅಳತೆಗೆ ಹೊಂದಿದಾಗ ಆ ಬಾಯಲ್ಲಿ ಕಿಡಿ ಚೆನ್ನಾಗಿ ಕಾಣುತ್ತಿತ್ತು, ಹೊಂದದಿದ್ದರೆ ಮಂಕಾಗುತ್ತಿತ್ತು. ತಂಬೂರಿಯ ಒಂದು ತಂತಿ ಮಿಡಿದರೆ ಅದೇ ಶ್ರುತಿಯ ಇನ್ನೊಂದು ತಾನಾಗಿ ಮಿಡಿಯುವುದಿಲ್ಲವೆ, ಹಾಗೆ.

ನಂಬಿಕೆಯನ್ನು ಬೆಳೆಸಿದವನು ಮಾರ್ಕೋನಿ. ೧೮೯೫ರಲ್ಲಿ ಇಟಲಿಯ ಬೊಲೋನ್ಯಾ ಬಳಿಯ ತನ್ನ ಮನೆಯಲ್ಲಿ ತಂತಿಯ ಒಂದು ತುದಿಯನ್ನು ಎತ್ತರಕ್ಕೇರಿಸಿ, ಇನ್ನೊಂದನ್ನು ಮಣ್ಣಿಗೆ ಸೇರಿಸಿದಾಗ, ಎತ್ತರ ಹೆಚ್ಚಿದಂತೆ ದೂರವೂ ಹೆಚ್ಚುವುದನ್ನು ಅವನು ಕಂಡ. ೧೯೦೧ರ ಡಿಸೆಂಬರ್ ೧೨ರಂದು ನ್ಯೂಫೌಂಡ್‌ಲೆಂಡಿನ ಗುಡ್ಡದ ಮೇಲೆ, ಗಾಳಿಪಟಕ್ಕೆ ಕಟ್ಟಿದ ಸುಮಾರು ೧೫೦ ಮೀಟರ್ ತಂತಿಯಲ್ಲಿ, ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಮೂರು ಚುಕ್ಕಿಗಳ ಸದ್ದು ಕೇಳಿತೆಂದು ಸಾರಿದ. ಅಂದಿನ ಅಲೆಗಳೇ ನೂರಾರು ಮೀಟರಿನವು, ತಂತಿಯೂ ಉದ್ದವಾಗಲೇಬೇಕಿತ್ತು. ಅಲೆ ಚಿಕ್ಕದಾದ ಮೇಲೂ ಜನರ ಮನಸ್ಸಿನಲ್ಲಿ ತಂತಿ ಮಾತ್ರ ಮೊಟಕಾಗಲಿಲ್ಲ.

ಚಿಕ್ಕ ಅಲೆಯ ಮರ್ಮವನ್ನು ಬಿಡಿಸಿದ್ದು ಜಪಾನ್. ಸೆಂದಾಯಿ ನಗರದ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ಹಿಡೆತ್ಸುಗು ಯಾಗಿ ಎಂಬ ಪ್ರಾಧ್ಯಾಪಕರೂ ಶಿಂತಾರೊ ಉದಾ ಎಂಬ ಕಿರಿಯರೂ ೧೯೨೬ರಲ್ಲಿ ಹೊಸ ಬಗೆಯ ಆಂಟೆನಾವನ್ನು ಪ್ರಕಟಿಸಿದರು. ಅಲೆಯ ಅರ್ಧಕ್ಕಿಂತ ತುಸು ಗಿಡ್ಡ ಕಡ್ಡಿಗಳು ಮುಂದೆ, ತುಸು ಉದ್ದದ್ದೊಂದು ಹಿಂದೆ. ಆಗ ಒಂದೇ ದಿಕ್ಕಿನ ದನಿ ಬಲವಾಗಿ ಬರುತ್ತದೆ. ಒಂದು ಕಾಲಕ್ಕೆ ನಮ್ಮ ಹೆಂಚಿನ ಮನೆಗಳ ಮೇಲೆ ದೂರದರ್ಶನಕ್ಕಾಗಿ ಎದ್ದು ನಿಂತ, ಕಾಗೆ ಕೂತರೆ ಚಿತ್ರ ಕದಲುತ್ತಿದ್ದ ಮೀನುಮುಳ್ಳು ಇದೇ. ಪ್ರಯೋಗದ ದುಡಿಮೆ ಬಹುಪಾಲು ಉದಾ ಅವರದು. ೧೯೨೮ರಲ್ಲಿ ಇಂಗ್ಲಿಷಿನಲ್ಲಿ ಬರೆದ ಯಾಗಿ ಅದನ್ನು ಮುಚ್ಚಿಡಲಿಲ್ಲ. ಆದರೂ ಲೋಕ ಗುರುವಿನ ಹೆಸರನ್ನಷ್ಟೇ ಹಿಡಿದುಕೊಂಡಿತು. ಅಧ್ಯಾಪಕ ವೃತ್ತಿಯ ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಅದಕ್ಕಿಂತ ಕಹಿಯಾದದ್ದು ಮುಂದಿನ ಕಥೆ. ಸ್ವದೇಶದ ಸೈನ್ಯ ಈ ಕಡ್ಡಿಗಳನ್ನು ಲಕ್ಷಿಸಲಿಲ್ಲ. ೧೯೪೨ರಲ್ಲಿ ಸಿಂಗಪುರವನ್ನು ಗೆದ್ದ ಜಪಾನೀಯರಿಗೆ ಬ್ರಿಟಿಷ್ ರಾಡಾರ್ ಕೆಲಸಗಾರನೊಬ್ಬನ ಟಿಪ್ಪಣಿ ಪುಸ್ತಕ ಸಿಕ್ಕಿತು. ಅದರಲ್ಲಿ ಮತ್ತೆ ಮತ್ತೆ ‘ಯಾಗಿ’ ಎಂಬ ಪದ. ಅದನ್ನು ಉಚ್ಚರಿಸುವುದು ಹೇಗೆಂಬುದೂ ಅವರಿಗೆ ತೋಚಲಿಲ್ಲ. ಸೆರೆಯಾಳನ್ನು ವಿಚಾರಿಸಿದಾಗ, ಅದು ಅವರದೇ ದೇಶದ ಪ್ರಾಧ್ಯಾಪಕರ ಹೆಸರೆಂದು ತಿಳಿಯಿತು! ತಮ್ಮ ಮನೆಯ ವಿದ್ಯೆಯನ್ನು ಶತ್ರುವಿನ ಪುಸ್ತಕದಲ್ಲಿ ಓದಬೇಕಾಯಿತು.

ಅದೇ ಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೆ, ಮುಂದೆ ಮೊಟೊರೋಲಾ ಎಂದು ಹೆಸರಾದ ಕಂಪನಿಯ ಕೈರೇಡಿಯೋ ಬಂದಿತು. ಕಡ್ಡಿಯನ್ನು ಹೊರಗೆಳೆದರೆ ಪೆಟ್ಟಿಗೆಗೆ ಜೀವ, ಒಳಗೆ ತಳ್ಳಿದರೆ ಮೌನ. ಅದು ಬಳಸಿದ ಅಲೆ ೫೦ ಮೀಟರಿಗೂ ಹೆಚ್ಚು. ಅಲೆಯ ಕಾಲುಭಾಗದ ಕಡ್ಡಿಯೆಂದರೂ ೧೨ ಮೀಟರಾಗುತ್ತದೆ. ಸೈನಿಕ ಹೊತ್ತುಕೊಂಡು ಓಡಬಲ್ಲದ್ದು ಒಂದು ಮೀಟರಷ್ಟೇ. ಆದ್ದರಿಂದ ನೆಲದ ಮೇಲೆ ಮಾತು ಒಂದು ಮೈಲಿಯಷ್ಟು ಹೋದರೆ ಹೆಚ್ಚು. ಇಂದಿನ ಸ್ಕ್ಯಾನರ್ ಜತೆ ಬರುವ, ರಬ್ಬರಿನೊಳಗೆ ತಂತಿಯನ್ನು ಸುರುಳಿ ಸುತ್ತಿದ ಮೋಟುಕಡ್ಡಿ ಇದೇ ರಾಜಿಯ ಮೊಮ್ಮಗು. ಜೇಬಿಗೆ ಹಿತ, ಕಿವಿಗೆ ಅಷ್ಟಕ್ಕಷ್ಟೆ.

ಹಾಗಾದರೆ ಹುಡುಗನಿಗೆ ಹೇಳುವುದೇನು? ಮೊದಲು ಏನನ್ನು ಕೇಳಬೇಕೆಂದು ನಿಶ್ಚಯಿಸು (ಏನನ್ನು ಕೇಳಬಹುದು ಎಂಬುದನ್ನು ಕಾನೂನು ನಿಶ್ಚಯಿಸಿರುತ್ತದೆ), ಆಮೇಲೆ ಕಡ್ಡಿಯನ್ನು ಕೊಳ್ಳು. ೩೦೦ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಕಡ್ಡಿ ಅದರ ಕಾಲುಭಾಗವಿರಲಿ. ವಿಮಾನಗಳ ಮಾತು ೧೨೫ರ ಸುಮಾರಿನಲ್ಲಿ. ಅದಕ್ಕೆ ೬೦ ಸೆಂಟಿಮೀಟರ್. ೪೫೦ಕ್ಕಾದರೆ ೧೭ ಸಾಕು. ಹಲವನ್ನು ಕೇಳುವ ಆಸೆಯಿದ್ದರೆ, ಎಳೆದು ಅಳತೆ ಬದಲಿಸಬಹುದಾದ ಕಡ್ಡಿಯೇ ಮೇಲು. ಯಾಗಿಯ ಮೀನುಮುಳ್ಳು ಒಂದು ದಿಕ್ಕಿನ, ಒಂದು ಅಲೆಯ ವ್ರತಸ್ಥ; ಎಲ್ಲವನ್ನೂ ತಡಕುವ ಪೆಟ್ಟಿಗೆಗೆ ಅದು ಹೊಂದದು. ಪಟ್ಟಣದ ನಡುವೆ ಅತಿ ಉದ್ದದ ತಂತಿ ಹಾಕಿದರೆ, ಬೇಕಾದ ಪಿಸುಮಾತಿನ ಜತೆ ಹತ್ತಿರದ ಎಫ್.ಎಂ. ಕೇಂದ್ರದ ಅಬ್ಬರವೂ ನುಗ್ಗಿ ಪೆಟ್ಟಿಗೆಯನ್ನು ಕಿವುಡಾಗಿಸುವುದುಂಟು. ಮಾರ್ಕೋನಿ ಮಣ್ಣಿಗೆ ಕೊಟ್ಟ ಕೆಲಸವನ್ನು ಇಲ್ಲಿ ಹಿಡಿದವನ ಕೈಯೂ ಪೆಟ್ಟಿಗೆಯ ಮೈಯೂ ಮಾಡುತ್ತವೆ. ಆದುದರಿಂದ ಮೇಜಿನ ಮೇಲೆ ಮಲಗಿಸದೆ ಕೈಯಲ್ಲಿ ನೆಟ್ಟಗೆ ಹಿಡಿಯಬೇಕು. ವಿಮಾನದವರ ಆಂಟೆನಾವೂ ನೆಟ್ಟಗೇ ನಿಂತಿರುತ್ತದೆ.